ಕೋಳಿ ಸತ್ತ ಮನೆಯಲ್ಲಿ ಜ್ವರ ಬಂದರೆ: ಮನುಷ್ಯರಲ್ಲಿ ಹಕ್ಕಿ ಜ್ವರವನ್ನು ಗುರುತಿಸುವ ಮತ್ತು ತಡೆಯುವ ಬಗೆ

ಹಕ್ಕಿ ಜ್ವರ ತಗುಲಿದ ವ್ಯಕ್ತಿ ಆಸ್ಪತ್ರೆಗೆ ಬಂದಾಗ, ಇದು ಹಕ್ಕಿ ಜ್ವರವೇ ಎಂದು ನೋಡಿದ ಕೂಡಲೇ ಹೇಳಬಹುದಾದ ಯಾವ ಗುರುತೂ ಅವರಲ್ಲಿ ಇರುವುದಿಲ್ಲ. ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು, ತಲೆನೋವು, ಸುಸ್ತು: ಪ್ರತಿ ವರ್ಷ ಬಂದು ಹೋಗುವ ಸಾಮಾನ್ಯ ಫ್ಲೂ ಕೂಡ ಹೀಗೆಯೇ ಶುರುವಾಗುತ್ತದೆ, ಡೆಂಗಿಯ ಮೊದಲ ದಿನವೂ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಅನುಮಾನ ಹುಟ್ಟಬೇಕಾದದ್ದು ಒಂದು ಪ್ರಶ್ನೆಯಿಂದ: ಕಳೆದ ಹತ್ತು ದಿನಗಳಲ್ಲಿ ನೀವು ಕಾಯಿಲೆ ಬಿದ್ದ ಅಥವಾ ಸತ್ತ ಕೋಳಿಯನ್ನಾಗಲಿ, ಬೇರೆ ಹಕ್ಕಿಯನ್ನಾಗಲಿ ಮುಟ್ಟಿದ್ದೀರಾ? ಈ ಪ್ರಶ್ನೆಯನ್ನು ವೈದ್ಯರು ಕೇಳಲು ಮರೆಯಬಹುದು. ಆದ್ದರಿಂದ ಉತ್ತರವನ್ನು ಕೇಳದೆಯೇ ಹೇಳುವುದು ರೋಗಿಯ ಮತ್ತು ಮನೆಯವರ ಕೆಲಸವಾಗಬೇಕು. ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ನೆನಪಿನಲ್ಲಿಡಿ ಎಂದು ಕೇಳಿಕೊಳ್ಳುತ್ತೇನೆ.

ರೋಗದ ಹಿನ್ನೆಲೆ

ಹಕ್ಕಿ ಜ್ವರಕ್ಕೆ ಕಾರಣ ಇನ್‌ಫ್ಲುಯೆಂಜಾ ಎ ಗುಂಪಿನ ವೈರಸ್‌ಗಳು. ಅವುಗಳಲ್ಲಿ ಹೆಚ್ಚು ಆತಂಕ ಹುಟ್ಟಿಸಿರುವುದು ಎಚ್5ಎನ್1. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇದು ಮೊದಲ ಬಾರಿಗೆ ಮನುಷ್ಯರಿಗೆ ತಗುಲಿದ್ದು ಖಚಿತವಾಯಿತು; ಆಗ ಸೋಂಕಿತರಾದ 18 ಜನರಲ್ಲಿ 6 ಮಂದಿ ತೀರಿಕೊಂಡರು. ನಗರದ ಕೋಳಿಗಳನ್ನೆಲ್ಲ ಕೊಂದ ಮೇಲೆ ಆ ಹಾವಳಿ ನಿಂತಿತು. 2003ರ ನಂತರ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಸಿಕ್ಕಿರುವ ಎಚ್5ಎನ್1 ರೋಗಿಗಳು 900ಕ್ಕೂ ಹೆಚ್ಚು, ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬದುಕುಳಿಯಲಿಲ್ಲ. ಸಣ್ಣಗೆ ಜ್ವರ ಬಂದು ತಾನಾಗಿ ವಾಸಿಯಾದವರು ಪರೀಕ್ಷೆಗೆ ಒಳಗಾಗುವುದೇ ಕಡಿಮೆಯಾದ್ದರಿಂದ, ತಗುಲಿದವರಲ್ಲಿ ಅರ್ಧ ಜನ ಸಾಯುತ್ತಾರೆ ಎಂದು ಇದನ್ನು ಓದಬಾರದು. ಆದರೂ ಆಸ್ಪತ್ರೆ ಸೇರುವ ಹಂತ ತಲುಪಿದವರಲ್ಲಿ ಈ ಕಾಯಿಲೆ ಎಷ್ಟು ಉಗ್ರವಾಗಬಲ್ಲದು ಎಂಬುದು ಆ ಅಂಕಿಯಿಂದ ತಿಳಿಯುತ್ತದೆ.

ಭಾರತದ ಕೋಳಿಗಳಲ್ಲಿ ಇದು ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಕೋಳಿಗಳಿಗೆ ರೋಗ ಬಂತು. ದೇಶದಲ್ಲಿ ಎಚ್5ಎನ್1ನಿಂದ ಮನುಷ್ಯರೊಬ್ಬರು ಸತ್ತದ್ದು ಮೊದಲು ಖಚಿತವಾದದ್ದು 2021ರ ಜುಲೈನಲ್ಲಿ; ಹರಿಯಾಣದ 11 ವರ್ಷದ ಬಾಲಕ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. 2025ರ ಮಾರ್ಚ್‌ನಲ್ಲಿ ನೆರೆಯ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗು ತೀರಿಕೊಂಡಿತು. ಅಡುಗೆಗೆ ಕೋಳಿ ಕತ್ತರಿಸುವಾಗ ಮಗುವಿನ ಬಾಯಿಗೆ ಹಸಿ ಮಾಂಸದ ಚೂರು ಹೋಗಿತ್ತು ಎಂದು ಮನೆಯವರು ತಿಳಿಸಿದ್ದರು. ಆ ತಾಯಿತಂದೆಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಅಡುಗೆಮನೆಯಲ್ಲಿ ಕಾಲಿಗೆ ಸುತ್ತಿಕೊಂಡು ಕೂರುವ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದು ಎಲ್ಲರ ಮನೆಯಲ್ಲೂ ನಡೆಯುವ ಸಂಗತಿ.

ಈ ವೈರಸ್ ಸದ್ಯಕ್ಕೆ ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡುವುದಿಲ್ಲ. ಹಕ್ಕಿಯ ವೈರಸ್ ಅಂಟಿಕೊಳ್ಳಲು ಬೇಕಾದ ಜೀವಕೋಶದ ಹಿಡಿಗಳು ನಮ್ಮ ಮೂಗು, ಗಂಟಲುಗಳಲ್ಲಿ ವಿರಳವಾಗಿದ್ದು, ಶ್ವಾಸಕೋಶದ ಆಳದಲ್ಲಿಯೂ ಕಣ್ಣಿನ ಒಳಪೊರೆಯಲ್ಲಿಯೂ ಹೆಚ್ಚಾಗಿವೆ. ಹೀಗಾಗಿ ಹೊಕ್ಕುವುದು ಕಷ್ಟ. ಹೊಕ್ಕು ಆಳಕ್ಕೆ ಇಳಿದರೆ ನೇರವಾಗಿ ನ್ಯುಮೋನಿಯಾ. ಕಣ್ಣು ಕೆಂಪಾಗುವುದನ್ನು ಈ ಜ್ವರದಲ್ಲಿ ಹಗುರವಾಗಿ ಕಾಣಬಾರದೆಂದು ಹೇಳುವುದಕ್ಕೂ ಇದೇ ಕಾರಣ. ಅಮೆರಿಕದಲ್ಲಿ 2024ರಿಂದ ಹಾಲು ಕೊಡುವ ಹಸುಗಳಿಗೂ ಎಚ್5ಎನ್1 ಹರಡಿದಾಗ, ಸೋಂಕು ತಗುಲಿದ ಹೈನುಗಾರಿಕೆಯ ಕೆಲಸಗಾರರಲ್ಲಿ ಅನೇಕರಿಗೆ ಕಂಡ ಮುಖ್ಯ ಲಕ್ಷಣ ಕಣ್ಣುರಿ ಮತ್ತು ಕಣ್ಣು ಕೆಂಪಾಗುವುದೇ ಆಗಿತ್ತು.

ಮೊದಲ ಎಚ್ಚರಿಕೆ ಕೋಳಿಗೂಡಿನಲ್ಲಿದೆ

ಮನುಷ್ಯರಲ್ಲಿ ರೋಗವನ್ನು ಬೇಗ ಗುರುತಿಸಬೇಕಾದರೆ ಮೊದಲು ಕೋಳಿಯನ್ನು ಗಮನಿಸಬೇಕು. ನಿನ್ನೆ ಸಂಜೆ ಕಾಳು ಹೆಕ್ಕುತ್ತಿದ್ದ ಕೋಳಿಗಳು ಬೆಳಗಾಗುವಷ್ಟರಲ್ಲಿ ಒಂದರ ಹಿಂದೆ ಒಂದು ಸತ್ತಿರುವುದು, ಜುಟ್ಟು ಮತ್ತು ಗಲ್ಲದ ಕೆಳಗಿನ ಜೋಲು ಚರ್ಮ ನೀಲಿಗಟ್ಟುವುದು, ತಲೆ ಊದಿಕೊಳ್ಳುವುದು, ಕಾಲಿನ ಮೇಲೆ ರಕ್ತದ ಕಲೆಗಳು ಮೂಡುವುದು, ಮೊಟ್ಟೆ ಹಠಾತ್ತನೆ ಕಡಿಮೆಯಾಗುವುದು ಅಥವಾ ಮೆತ್ತನೆಯ ಚಿಪ್ಪಿನ ಮೊಟ್ಟೆ ಬರುವುದು, ಮೂಗಿನಿಂದ ಸೋರುವುದು, ಹಸಿರು ಬಣ್ಣದ ಭೇದಿ: ಇವು ಎಚ್ಚರಗೊಳ್ಳಬೇಕಾದ ಚಿಹ್ನೆಗಳು. ನಮ್ಮ ಕಡೆ ಕೊಕ್ಕರೆ ರೋಗ ಎಂದು ಕರೆಯುವ ರಾಣಿಖೇತ್ ಕಾಯಿಲೆಯಲ್ಲಿಯೂ ಕೋಳಿಗಳು ಬಹುಮಟ್ಟಿಗೆ ಹೀಗೆಯೇ ಸಾಯುತ್ತವೆ. ಬರಿಗಣ್ಣಿನಿಂದ ಈ ಎರಡನ್ನು ಬೇರ್ಪಡಿಸುವುದು ಅನುಭವಿ ಪಶುವೈದ್ಯರಿಗೂ ಸಾಧ್ಯವಿಲ್ಲ. ಖಚಿತ ಉತ್ತರ ಬರುವುದು ಪ್ರಯೋಗಾಲಯದಿಂದ, ಕೊನೆಯ ಮಾತು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದ್ದು. ‘ಪ್ರತಿ ವರ್ಷ ಬರುವ ರೋಗ ತಾನೆ’ ಎಂದು ಸುಮ್ಮನಾಗುವುದು, ಸಾಯುವ ಮೊದಲೇ ಕುಯ್ದು ಸಾರು ಮಾಡುವುದು, ಉಳಿದವನ್ನು ಅರ್ಧ ಬೆಲೆಗೆ ಸಂತೆಗೆ ಹೊಡೆಯುವುದು ಇವೆಲ್ಲ ಅಪಾಯವನ್ನು ಮನೆಯಿಂದ ಊರಿಗೆ ದಾಟಿಸುವ ಕೆಲಸಗಳು. ಕಾಯಿಲೆ ಬಿದ್ದ ಕೋಳಿಯನ್ನು ಕುಯ್ದು, ಬಿಸಿನೀರಿಗೆ ಅದ್ದಿ, ಪುಕ್ಕ ಕಿತ್ತು, ಕರುಳು ತೆಗೆಯುವ ಹೊತ್ತಿನಲ್ಲಿ ಕೈ, ಮುಖ, ಉಸಿರು ಎಲ್ಲಕ್ಕೂ ವೈರಸ್ ತಾಗುತ್ತದೆ. ಬೇಯಿಸಿದ ಮಾಂಸ ತಿಂದವರಿಗಿಂತ ಕೋಳಿ ಹಸನು ಮಾಡಿದವರಿಗೇ ಅಪಾಯ ಹೆಚ್ಚು. ಹಳ್ಳಿಯ ಮನೆಗಳಲ್ಲಿ ಈ ಕೆಲಸ ಬಹುತೇಕ ಹೆಂಗಸರ ಪಾಲಿಗೆ ಬರುತ್ತದೆ ಎಂಬುದನ್ನು ಮನೆಯ ಗಂಡಸರು ನೆನಪಿಡಬೇಕು.

ಕಾಡುಹಕ್ಕಿಗಳ ವಿಷಯದಲ್ಲಿ ಎಚ್ಚರ ಬೇಕು, ಗಾಬರಿ ಬೇಡ. ಬಾತು, ಹೆಬ್ಬಾತುಗಳು ಈ ವೈರಸ್ಸನ್ನು ದೂರ ದೂರಕ್ಕೆ ಹೊತ್ತೊಯ್ಯಬಲ್ಲವು. 2020ರ ಡಿಸೆಂಬರ್ ಕೊನೆಯಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಅಣೆಕಟ್ಟಿನ ಬಳಿ ಸಾವಿರಾರು ವಲಸೆ ಹಕ್ಕಿಗಳು ಸತ್ತಾಗ ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳಾಗಿದ್ದವು. ಅದೇ ಜಾತಿಯ ಹಕ್ಕಿ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆ. ಹಾಗೆಂದು ಸತ್ತ ಹಕ್ಕಿಗಳೆಲ್ಲವೂ ಈ ರೋಗದಿಂದಲೇ ಸತ್ತಿವೆ ಎನ್ನಲಾಗದು. ಕೊಕ್ಕರೆ ಬೆಳ್ಳೂರಿನಲ್ಲಿ 2017ರ ಕೊನೆಯಿಂದ ಹೆಜ್ಜಾರ್ಲೆಗಳು ಸಾಯತೊಡಗಿದಾಗ ಪರೀಕ್ಷೆಯಲ್ಲಿ ಕಂಡುಬಂದ ಕಾರಣ ಹೊಟ್ಟೆಯ ಹುಳು. ಕೆರೆಯಂಗಳದಲ್ಲಿ ಸತ್ತ ಹಕ್ಕಿ ಕಂಡರೆ ಮುಟ್ಟದೆ, ಮಕ್ಕಳನ್ನು ಹತ್ತಿರ ಬಿಡದೆ, ಅರಣ್ಯ ಇಲಾಖೆಗೋ ಪಶು ಆಸ್ಪತ್ರೆಗೋ ತಿಳಿಸಿದರೆ ನಿಮ್ಮ ಕರ್ತವ್ಯ ಮುಗಿಯಿತು.

ಕೋಳಿ ಸಾಯತೊಡಗಿದ ದಿನ ಮಾಡಬೇಕಾದದ್ದು

ಪಶುವೈದ್ಯಕೀಯ ಸಹಾಯವಾಣಿ 1962ಕ್ಕೆ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ಮೊದಲು ಕರೆ ಮಾಡಿ. ಎಷ್ಟು ಕೋಳಿ ಸತ್ತಿವೆ, ಎಷ್ಟು ದಿನಗಳಲ್ಲಿ, ಹೊಸ ಕೋಳಿ ಇತ್ತೀಚೆಗೆ ಎಲ್ಲಿಂದ ತಂದಿರಿ ಎಂಬುದನ್ನು ಹೇಳಿ. ಅವರು ಬರುವ ತನಕ ಸತ್ತ ಕೋಳಿಗಳನ್ನು ನಾಯಿ, ಬೆಕ್ಕು, ಕಾಗೆ ಎಳೆದೊಯ್ಯದಂತೆ ಹಳೆಯ ಟಬ್ಬನ್ನೋ ಪುಟ್ಟಿಯನ್ನೋ ಕವಿದು ಮುಚ್ಚಿ, ಮೇಲೆ ಕಲ್ಲಿಡಿ. ಉಳಿದ ಕೋಳಿಗಳನ್ನು ಹೊರಗೆ ಬಿಡಬೇಡಿ, ಮಾರಬೇಡಿ, ನೆಂಟರಿಗೆ ಕೊಡಬೇಡಿ. ಬಾವಿಗೆ, ಚರಂಡಿಗೆ, ಕೆರೆಗೆ, ತಿಪ್ಪೆಗೆ ಸತ್ತ ಕೋಳಿ ಎಸೆಯುವುದಂತೂ ಕೂಡದು. ರೋಗ ಖಚಿತವಾದರೆ ಸುತ್ತಲೂ ಒಂದು ಕಿಲೋಮೀಟರ್ ದೂರದೊಳಗಿನ ಕೋಳಿಗಳನ್ನು ಇಲಾಖೆಯವರು ಕೊಂದು ಹೂಳುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಕೊಂದ ಕೋಳಿಗೆ ಸರ್ಕಾರದಿಂದ ಪರಿಹಾರ ಸಿಗುತ್ತದೆ. ಅದಕ್ಕೆ ಮೊದಲೇ ಸತ್ತದ್ದಕ್ಕೆ ಸಿಗುವುದಿಲ್ಲ. ತಡಮಾಡದೆ ತಿಳಿಸಿದವರ ನಷ್ಟ ಕಡಿಮೆಯಾಗುತ್ತದೆ ಎಂಬ ಈ ಲೆಕ್ಕ ಸಾಕಣೆದಾರರಿಗೆ ಗೊತ್ತಿರಬೇಕು.

ಸತ್ತ ಕೋಳಿಯನ್ನು ಸರಿಸಲೇಬೇಕಾದ ಸ್ಥಿತಿ ಬಂದರೆ ಬರಿಗೈ ತಾಗಿಸಬೇಡಿ. ರಬ್ಬರ್ ಗ್ಲೌಸ್ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು, ಕೋಳಿಯನ್ನು ಹಿಡಿದು, ಚೀಲವನ್ನು ಒಳಗು ಹೊರಗು ಮಾಡಿ ಕಟ್ಟಬಹುದು. ಮೂಗು ಬಾಯಿಗೆ ಎನ್95 ಮಾಸ್ಕ್ ಒಳ್ಳೆಯದು. ಕಣ್ಣಿಗೆ ಕನ್ನಡಕ ಹಾಕುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಣ್ಣೂ ವೈರಸ್ಸಿಗೆ ಬಾಗಿಲು ಎಂಬುದನ್ನು ಮೇಲೆ ಹೇಳಿದ್ದೇನೆ. ಕೆಲಸ ಮುಗಿದ ಮೇಲೆ ಬಿಚ್ಚುವ ಕ್ರಮ ತೊಡುವ ಕ್ರಮಕ್ಕಿಂತ ಮುಖ್ಯ: ಮೊದಲು ಗ್ಲೌಸ್, ನಂತರ ಸೋಪಿನಿಂದ ಕೈ ತೊಳೆಯುವುದು, ಆಮೇಲೆ ಕನ್ನಡಕ, ಕೊನೆಗೆ ಹಿಂದಿನ ದಾರ ಹಿಡಿದು ಮಾಸ್ಕ್, ಮತ್ತೆ ಕೈ ತೊಳೆಯುವುದು. ಬಟ್ಟೆಯನ್ನು ಅಲ್ಲಿಯೇ ತೆಗೆದು ಬಿಸಿನೀರು, ಸೋಪಿನ ಪುಡಿಯಲ್ಲಿ ನೆನೆಸಿ, ಸ್ನಾನ ಮಾಡಿ ಒಳಗೆ ಹೋಗಿ. ಈ ವೈರಸ್ಸಿನ ಹೊರಗಿನ ಪೊರೆ ಕೊಬ್ಬಿನಿಂದಾದದ್ದು. ಸಾಮಾನ್ಯ ಸೋಪು ಆ ಪೊರೆಯನ್ನು ಕರಗಿಸಿ ವೈರಸ್ಸನ್ನು ನಾಶಮಾಡುತ್ತದೆ. ದುಬಾರಿ ದ್ರಾವಣಗಳಿಗೆ ಹಣ ಸುರಿಯುವ ಅಗತ್ಯವಿಲ್ಲ.

ಗೂಡಿನ ಹಿಕ್ಕೆಯನ್ನು ಒಣಗಿದ ಸ್ಥಿತಿಯಲ್ಲಿ ಪೊರಕೆಯಿಂದ ಗುಡಿಸಿದರೆ ಧೂಳೆದ್ದು ಉಸಿರಿಗೆ ಸೇರುತ್ತದೆ. ನೀರು ಚಿಮುಕಿಸಿ, ನೆನೆಸಿ, ನಂತರ ಕೆರೆದು ತೆಗೆಯಬೇಕು. ಕಸ ಪೂರ್ತಿ ಹೋದ ಮೇಲೆ ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪುಡಿ ಕದಡಿದ ನೀರನ್ನು ನೆಲಕ್ಕೆ ಹಾಕಬಹುದು. ಹಿಕ್ಕೆ ಉಳಿದಿರುವ ನೆಲಕ್ಕೆ ಹಾಕಿದ ಬ್ಲೀಚಿಂಗ್ ಅಲ್ಲಿಯೇ ಸತ್ವ ಕಳೆದುಕೊಳ್ಳುತ್ತದೆ. ತಂಪಾದ, ತೇವದ ಜಾಗದಲ್ಲಿ ಹಿಕ್ಕೆಯೊಳಗಿನ ವೈರಸ್ ವಾರಗಟ್ಟಲೆ ಉಳಿಯಬಲ್ಲದು. ರೋಗದ ಸುದ್ದಿ ಇರುವ ಕಡೆಯಿಂದ ಕೋಳಿ ಗೊಬ್ಬರ ತರಿಸುವ ರೈತರು, ಲೋಡಿನ ಮೇಲೆ ಕುಳಿತು ಬರುವ ಕೂಲಿಕಾರರು ಇದನ್ನು ತಿಳಿದಿರಬೇಕು. ಕರಾವಳಿಯ ಕೋಳಿ ಅಂಕದಲ್ಲಿ ಗಾಯಗೊಂಡ ಹುಂಜವನ್ನು ಎದೆಗವಚಿ ಹಿಡಿದು ರಕ್ತ ಒರೆಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಹುಂಜಗಳ ಕಾಳಗ ನಡೆಸುತ್ತಿದ್ದವರಿಗೆ ಸೋಂಕು ತಗುಲಿದ ನಿದರ್ಶನ ಥಾಯ್ಲೆಂಡಿನಲ್ಲಿದೆ.

ಹತ್ತು ದಿನಗಳ ನಿಗಾ

ಸತ್ತ ಕೋಳಿಯನ್ನು ಮುಟ್ಟಿದವರು, ಗೂಡು ಸ್ವಚ್ಛಗೊಳಿಸಿದವರು, ಕೋಳಿ ಕೊಲ್ಲುವ ತಂಡದಲ್ಲಿ ಇದ್ದವರು ಕೊನೆಯ ಬಾರಿ ಮುಟ್ಟಿದ ದಿನದಿಂದ ಹತ್ತು ದಿನ ತಮ್ಮ ಆರೋಗ್ಯವನ್ನು ಗಮನಿಸಬೇಕು. ಲಕ್ಷಣಗಳು ಸಾಮಾನ್ಯವಾಗಿ ಎರಡರಿಂದ ಐದು ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ, ಕೆಲವೊಮ್ಮೆ ತಡವಾಗಿಯೂ ಬರುತ್ತವೆ. ಬೆಳಿಗ್ಗೆ ಸಂಜೆ ಎರಡು ಹೊತ್ತು ಥರ್ಮಾಮೀಟರ್ ಇಟ್ಟು ನೋಡಿ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಆರನೆಯ ದಿನ ಜ್ವರ ಬಂದಾಗ ‘ಕೋಳಿ ಸತ್ತದ್ದು ಯಾವತ್ತು’ ಎಂಬುದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಆಶಾ ಕಾರ್ಯಕರ್ತೆಗೆ ಈ ವಿಷಯ ತಿಳಿಸಿಟ್ಟರೆ ಮುಂದಿನ ದಾರಿ ಸುಲಭವಾಗುತ್ತದೆ.

ಜ್ವರ, ಕೆಮ್ಮು, ಗಂಟಲು ನೋವಿನ ಜೊತೆಗೆ ಕಣ್ಣು ಕೆಂಪಾಗಿ ನೀರು ಸುರಿಯುವುದು, ಭೇದಿ, ವಾಂತಿ, ಹೊಟ್ಟೆನೋವು ಸಹ ಇರಬಹುದು. ಭೇದಿಯಿಂದ ಶುರುವಾದ ಕಾಯಿಲೆಯನ್ನು ಯಾರೂ ಫ್ಲೂ ಎಂದು ಭಾವಿಸುವುದಿಲ್ಲ, ಹಾಗಾಗಿ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಉಸಿರಾಟ ವೇಗವಾಗುವುದು, ಮೆಟ್ಟಿಲು ಹತ್ತಲಾಗದಷ್ಟು ಏದುಸಿರು, ಎದೆನೋವು, ಕಫದಲ್ಲಿ ರಕ್ತ, ತುಟಿ ಅಥವಾ ಉಗುರು ನೀಲಿಯಾಗುವುದು, ಗೊಂದಲದ ಮಾತು, ಫಿಟ್ಸ್ ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಕ್ಕಳಲ್ಲಿ ಉಸಿರು ಎಳೆಯುವಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೆಳೆಯುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಷ್ಟು ಮಂಕಾಗಿರುವುದು ಅಷ್ಟೇ ತುರ್ತಿನ ಲಕ್ಷಣಗಳು. ಈ ಕಾಯಿಲೆ ಸಣ್ಣ ಜ್ವರದಿಂದ ತೀವ್ರ ನ್ಯುಮೋನಿಯಾಕ್ಕೆ ಕೆಲವೇ ದಿನಗಳಲ್ಲಿ ಏರಬಲ್ಲದು. ‘ನಾಳೆ ನೋಡೋಣ’ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಆಸ್ಪತ್ರೆಗೆ ಹೊರಡುವ ಮುನ್ನ ಸಾಧ್ಯವಾದರೆ ಫೋನ್ ಮಾಡಿ ತಿಳಿಸಿ, ಮಾಸ್ಕ್ ಹಾಕಿಕೊಂಡು ಹೋಗಿ, ಹೊರರೋಗಿಗಳ ಸಾಲಿನಲ್ಲಿ ಎಲ್ಲರ ನಡುವೆ ಕೂರದೆ ಪ್ರತ್ಯೇಕ ಜಾಗ ಕೇಳಿ. ಒಳಗೆ ಹೋದಾಗ ಹೇಳಬೇಕಾದ ಮಾತು ಚಿಕ್ಕದು: ‘ನಮ್ಮ ಮನೆಯಲ್ಲಿ ಇಂಥ ದಿನದಿಂದ ಕೋಳಿಗಳು ಸತ್ತಿವೆ, ನಾನೇ ಅವನ್ನು ತೆಗೆದುಹಾಕಿದ್ದೆ, ಇಂಥ ದಿನದಿಂದ ಜ್ವರವಿದೆ.’ ಆಗ ಮೂಗು ಮತ್ತು ಗಂಟಲಿನ ಸ್ವಾಬ್ ತೆಗೆದು ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ; ಕಣ್ಣು ಕೆಂಪಾಗಿದ್ದರೆ ಅಲ್ಲಿಂದಲೂ, ರೋಗ ಶ್ವಾಸಕೋಶಕ್ಕೆ ಇಳಿದಿದ್ದರೆ ಆಳದ ಕಫದಿಂದಲೂ ಮಾದರಿ ತೆಗೆಯುತ್ತಾರೆ. ಹಕ್ಕಿ ಜ್ವರವೆಂದು ಖಚಿತಪಡಿಸುವ ಕೆಲಸ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯದು. ಕೆಲವು ಕಡೆ ಸಿಗುವ ಕ್ಷಿಪ್ರ ಪರೀಕ್ಷೆಯ ಪಟ್ಟಿಯಲ್ಲಿ ‘ಇಲ್ಲ’ ಎಂದು ಬಂದ ಮಾತ್ರಕ್ಕೆ ನಿಶ್ಚಿಂತರಾಗಬಾರದು, ಅದು ಸೋಂಕನ್ನು ತಪ್ಪಿಸಿಬಿಡಬಹುದು.

ಈ ಕಾಯಿಲೆಗೆ ಬಳಸುವ ಮುಖ್ಯ ಔಷಧ ಒಸೆಲ್ಟಾಮಿವಿರ್. ಲಕ್ಷಣ ಕಂಡ 48 ಗಂಟೆಗಳೊಳಗೆ ಶುರುಮಾಡಿದರೆ ಹೆಚ್ಚು ಫಲ, ತಡವಾಗಿ ಬಂದ ತೀವ್ರ ರೋಗಿಗೂ ಕೊಡುವುದುಂಟು. ಬಲವಾದ ಅನುಮಾನವಿದ್ದರೆ ವೈದ್ಯರು ವರದಿಗೆ ಕಾಯದೆ ಕೊಡುತ್ತಾರೆ. ಸೋಂಕಿತ ಕೋಳಿಗಳ ನಡುವೆ ರಕ್ಷಣೆಯಿಲ್ಲದೆ ಕೆಲಸ ಮಾಡಿದವರಿಗೆ ಮುನ್ನೆಚ್ಚರಿಕೆಯಾಗಿಯೂ ಕೊಡಬಹುದು. ಆ ತೀರ್ಮಾನ ವೈದ್ಯರದೇ ಆಗಿರಲಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ವೈರಸ್ಸನ್ನು ಏನೂ ಮಾಡದು. ಜ್ವರ ಬೇಗ ಇಳಿಯಲೆಂದು ಕೆಲವರು ಹಾಕಿಸಿಕೊಳ್ಳುವ ಸ್ಟೀರಾಯ್ಡ್ ಇಂಜೆಕ್ಷನ್ ಫ್ಲೂ ರೋಗಿಯ ಸ್ಥಿತಿಯನ್ನು ಕೆಡಿಸಬಲ್ಲದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಪ್ರತಿ ವರ್ಷ ಹಾಕುವ ಫ್ಲೂ ಲಸಿಕೆ ಎಚ್5ಎನ್1 ಬಾರದಂತೆ ತಡೆಯುವುದಿಲ್ಲ. ಆದರೂ ಕೋಳಿ ಫಾರಂ ಕೆಲಸಗಾರರು ಅದನ್ನು ಹಾಕಿಸಿಕೊಳ್ಳುವುದು ಲೇಸು, ಏಕೆಂದರೆ ಮನುಷ್ಯರ ಫ್ಲೂ ಮತ್ತು ಹಕ್ಕಿಯ ಫ್ಲೂ ಒಂದೇ ದೇಹದಲ್ಲಿ ಒಟ್ಟಿಗೆ ಸೇರಿದರೆ ಅವುಗಳ ಅಂಶಗಳು ಬೆರೆತು ಜನರಲ್ಲಿ ಸುಲಭವಾಗಿ ಹರಡುವ ಹೊಸ ವೈರಸ್ ಹುಟ್ಟುವ ಸಾಧ್ಯತೆಯಿದೆ.

ಮನೆಯಲ್ಲಿ ರೋಗಿಯ ಆರೈಕೆಗೆ ಒಬ್ಬರೇ ನಿಲ್ಲಲಿ, ಗಾಳಿಯಾಡುವ ಬೇರೆ ಕೋಣೆ ಇರಲಿ, ಇಬ್ಬರೂ ಮಾಸ್ಕ್ ಧರಿಸಲಿ. ಗರ್ಭಿಣಿಯರು, ಎಳೆಯ ಮಕ್ಕಳು, ವಯಸ್ಸಾದವರು ದೂರವಿರಲಿ.

ಅಡುಗೆಮನೆಯ ಎಚ್ಚರ

ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಗಳಿಂದ ಹಕ್ಕಿ ಜ್ವರ ಬರುವುದಿಲ್ಲ. ಮಾಂಸದ ಒಳಭಾಗದವರೆಗೂ 70 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಿದರೆ ವೈರಸ್ ಸಾಯುತ್ತದೆ. ಕೊತಕೊತ ಕುದಿಯುವ ನಮ್ಮ ಸಾರಿನ ಶಾಖ ಅದಕ್ಕಿಂತ ಬಹಳ ಹೆಚ್ಚು. ಮೂಳೆಯ ಪಕ್ಕದ ಮಾಂಸದಲ್ಲಿ ಕೆಂಪು ಉಳಿದಿರಬಾರದು, ಕೆಂಡದ ಮೇಲೆ ಸುಟ್ಟ ದಪ್ಪ ತುಂಡುಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಫ್ರಿಜ್ಜಿನ ತಣ್ಣಗೆ, ಫ್ರೀಜರಿನ ಮಂಜುಗಡ್ಡೆಗೆ ಈ ವೈರಸ್ ಸಾಯುವುದಿಲ್ಲ. ಮೊಟ್ಟೆಯ ಹಳದಿಯೂ ಗಟ್ಟಿಯಾಗುವಷ್ಟು ಬೇಯಲಿ. ಮೈ ತುಂಬಿಕೊಳ್ಳಲೆಂದು ಮಕ್ಕಳಿಗೆ ಹಾಲಿನಲ್ಲಿ ಹಸಿ ಮೊಟ್ಟೆ ಕದಡಿ ಕುಡಿಸುವ, ವ್ಯಾಯಾಮ ಮಾಡುವವರು ಹಸಿ ಮೊಟ್ಟೆ ನುಂಗುವ ಅಭ್ಯಾಸವನ್ನು ರೋಗದ ಸುದ್ದಿಯಿಲ್ಲದ ಕಾಲದಲ್ಲಿಯೂ ಬಿಡುವುದು ಒಳ್ಳೆಯದು. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಹಸಿಯದಕ್ಕಿಂತ ಚೆನ್ನಾಗಿಯೇ ದೇಹಕ್ಕೆ ದಕ್ಕುತ್ತದೆ. ಹಾಲನ್ನು ಕಾಯಿಸಿ ಕುಡಿಯುವ ನಮ್ಮ ಹಿರಿಯರ ಪದ್ಧತಿಯನ್ನು ಮುಂದುವರಿಸೋಣ.

ಹಸಿ ಮಾಂಸವನ್ನು ಜೋರಾದ ನಲ್ಲಿ ನೀರಿನಡಿ ತೊಳೆದರೆ ಹನಿಗಳು ಸುತ್ತಲಿನ ಪಾತ್ರೆ, ತರಕಾರಿಗಳ ಮೇಲೆ ಸಿಡಿಯುತ್ತವೆ. ಪಾತ್ರೆಯಲ್ಲಿ ನೀರು ತುಂಬಿ ಮೆಲ್ಲಗೆ ತೊಳೆಯಿರಿ. ಮಾಂಸ ಕತ್ತರಿಸಿದ ಚಾಕು, ಈಳಿಗೆ, ಮಣೆಗಳನ್ನು ಸೋಪು ಹಾಕಿ ತೊಳೆಯದೆ ಈರುಳ್ಳಿ, ಕೊತ್ತಂಬರಿ ಹೆಚ್ಚಬೇಡಿ. ಮಾಂಸ ಹಸನಾಗುವವರೆಗೆ ಚಿಕ್ಕ ಮಕ್ಕಳನ್ನು ಅಡುಗೆಮನೆಯಿಂದ ಹೊರಗಿಡಲು ಮನೆಯಲ್ಲಿ ಇನ್ನೊಬ್ಬರ ನೆರವು ಪಡೆಯಿರಿ. ಉಳಿದ ಕರುಳು, ಚರ್ಮ, ಹಸಿ ಚೂರುಗಳನ್ನು ಬೆಕ್ಕಿಗೆ ಹಾಕಬೇಡಿ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಲ್ಲಿ ಎಚ್5ಎನ್1 ಕಂಡುಬಂದಿತ್ತು. ಅಂಗಡಿಗೆ ಹೋದಾಗ ಮಕ್ಕಳನ್ನು ಕೋಳಿ ಪಂಜರದ ಬಳಿ ನಿಲ್ಲಿಸಬೇಡಿ.

ಕೋಳಿ ಕಳೆದುಕೊಂಡ ಮನೆಯವರು ಮತ್ತೆ ಮರಿ ತರಲು ಆತುರಪಡಬಾರದು. ಹೊಸ ಮರಿ ಬಿಡಲು ಯಾವಾಗ ಸುರಕ್ಷಿತ ಎಂಬುದನ್ನು ಪಶುಸಂಗೋಪನಾ ಇಲಾಖೆಯವರು ಜಾಗದ ಮಾದರಿಗಳನ್ನು ಪರೀಕ್ಷಿಸಿ ತಿಳಿಸುತ್ತಾರೆ. ತಂದ ಮರಿಗಳನ್ನು ಕೆಲವು ವಾರ ಬೇರೆಯಾಗಿಟ್ಟು ನೋಡಿ; ಕಾಳು ಮತ್ತು ನೀರಿನ ತಟ್ಟೆಗಳಿಗೆ ಕಾಡುಹಕ್ಕಿ ಬಾಯಿಡದಂತೆ ಬಲೆ ಕಟ್ಟಿ; ಗೂಡಿಗೆ ಹೋಗುವಾಗಷ್ಟೇ ಮೆಟ್ಟುವ ಒಂದು ಜೊತೆ ಚಪ್ಪಲಿಯನ್ನು ಬಾಗಿಲಲ್ಲೇ ಇರಿಸಿ. ರಾತ್ರಿ ಕೋಳಿಗಳನ್ನು ಕುಕ್ಕೆಯಡಿ ಮುಚ್ಚಿ ಮಲಗುವ ಕೋಣೆಯಲ್ಲೋ ಪಡಸಾಲೆಯಲ್ಲೋ ಇಡುವ ರೂಢಿಯಿದ್ದರೆ, ಹೊಸ ಮರಿಗಳು ಬರುವ ಮೊದಲು ಅವುಗಳಿಗೆ ಹಿತ್ತಿಲಲ್ಲಿ ಗಟ್ಟಿ ಬಾಗಿಲಿನ ಒಂದು ಗೂಡು ಕಟ್ಟಿಸಿ.